ಕೂತರೆ ಸಾಲದು: ಹಳೆಯ ಕಾರಿನ ಸ್ಟೀರಿಂಗ್‌ನಲ್ಲಿ ಸೇರಿಕೊಂಡ ಬೇರೆ ಕಾರಿನ ಭಾಗವನ್ನು ಹಿಡಿಯುವುದು ಹೇಗೆ?

ಪ್ರಶ್ನೆ: 1960ರ ದಶಕದ ಒಂದು ಸಲೂನ್ ಕಾರನ್ನು ಬಿಚ್ಚಿಟ್ಟ ಸ್ಥಿತಿಯಲ್ಲೇ ಕೊಂಡು ಮತ್ತೆ ಜೋಡಿಸುತ್ತಿದ್ದೇನೆ. ಭಾಗಗಳು ಕನಿಷ್ಠ ಎರಡು ಕಾರುಗಳಿಂದ ಬಂದಿರಬೇಕು. ಸ್ಟೀರಿಂಗ್ ಬಾಕ್ಸ್ (ಗೇರ್ ಪೆಟ್ಟಿಗೆ), ಅದರ ಶಾಫ್ಟ್‌ಗೆ ಹಾಕಿದ ತೋಳಾದ ಡ್ರಾಪ್ ಆರ್ಮ್, ಆಚೆ ಬದಿಗೆ ಅದರ ಜೊತೆ ತಿರುಗುವ ಐಡ್ಲರ್ ಆರ್ಮ್, ಎರಡನ್ನೂ ಸೇರಿಸಲು ನಡುವೆ ಸೆಂಟರ್ ಲಿಂಕ್, ಅಲ್ಲಿಂದ ಚಕ್ರಗಳಿಗೆ ಎರಡು ಬದಿಗೆ ಟೈ ರಾಡ್ ಎಂಬ ಸರಳುಗಳು ಇರುವ ವ್ಯವಸ್ಥೆ. ಎಲ್ಲವೂ ಕೂತವು. ಆದರೆ ಚಕ್ರಗಳು ನೇರ ಇದ್ದಾಗ ಸ್ಟೀರಿಂಗ್ ಬಲಕ್ಕೆ ಒಂದೂಮುಕ್ಕಾಲು ಸುತ್ತು, ಎಡಕ್ಕೆ ಒಂದೂಕಾಲು ಸುತ್ತು ತಿರುಗುತ್ತದೆ (ನಕಲ್, ಅಂದರೆ ಚಕ್ರವನ್ನು ಹೊತ್ತು ತಿರುಗುವ ತುಂಡಿನಲ್ಲಿ, ತಿರುವಿಗೆ ಮಿತಿ ಹಾಕುವ ಸ್ಟಾಪ್ ಬೋಲ್ಟ್‌ಗಳನ್ನು ಇನ್ನೂ ಹಾಕಿಲ್ಲ). ನೇರ ಇದ್ದಾಗ ಪ್ಲೇ (ಚಕ್ರ ತಿರುಗದೆ ಸ್ಟೀರಿಂಗ್ ಮಾತ್ರ ಆಡುವ ಸಡಿಲ) ಇದೆ, ಸ್ವಲ್ಪ ಬಲಕ್ಕೆ ತಿರುಗಿಸಿದರೆ ಮಾಯವಾಗುತ್ತದೆ. ಬಲಗಡೆಯ ಹೊರ ಟೈ ರಾಡ್ ಎಂಡ್‌ನ (ರಾಡ್ ತುದಿಯ ಬಾಲ್ ಜಾಯಿಂಟ್, ಅಂದರೆ ಗುಂಡಿನ ಕೀಲು) ಪಿನ್, ಚಕ್ರವನ್ನು ತಿರುಗಿಸುವ ಸ್ಟೀರಿಂಗ್ ಆರ್ಮ್‌ನ ತೂತಿನಲ್ಲಿ ಎಡಕ್ಕಿಂತ ಸುಮಾರು 4 ಮಿ.ಮೀ. ಹೆಚ್ಚು ಒಳಗೆ ಹೋಗುತ್ತದೆ, ನಟ್ ಬಿಗಿಯಾಗದ್ದರಿಂದ ಕೆಳಗೆ ಎರಡು ವಾಷರ್ ಹಾಕಿದ್ದೇನೆ. ಅಂಗಳದಲ್ಲಿ ನಿಧಾನ ಓಡಿಸಿ ನೋಡಿದಾಗ ಎಡಕ್ಕೆ ಪೂರ್ತಿ ತಿರುಗಿಸಿದರೆ ಮುಂದಿನ ಟೈರ್ ನೆಲವನ್ನು ಉಜ್ಜಿ ಕಪ್ಪು ಗೆರೆ ಬಿಡುತ್ತದೆ, ಬಲಕ್ಕೆ ಹಾಗಾಗುವುದಿಲ್ಲ. ಯಾವ ಭಾಗ ಈ ಕಾರಿನದಲ್ಲ ಎಂದು ಕಂಡುಹಿಡಿಯುವುದು ಹೇಗೆ?

ಉತ್ತರ: ಮೊದಲು ಆ ಎರಡು ವಾಷರ್‌ಗಳನ್ನು ತೆಗೆಯಿರಿ. ಇದು ಬಗೆಹರಿಯುವವರೆಗೆ ಕಾರನ್ನು ಅಂಗಳದಲ್ಲೂ ಓಡಿಸಬೇಡಿ. ಗದರಿಸಲು ಹೇಳುತ್ತಿಲ್ಲ. ನಿಮ್ಮ ಪತ್ರದ ಮೂರು ತೊಂದರೆಗಳಲ್ಲಿ ಎರಡು ಕಾರನ್ನು ಕೆಟ್ಟದಾಗಿ ಓಡುವಂತೆ ಮಾಡುತ್ತವೆ, ವಾಷರ್ ಹಾಕಿ ಮುಚ್ಚಿರುವ ಮೂರನೆಯದು ಚಕ್ರ ಮತ್ತು ಸ್ಟೀರಿಂಗ್ ನಡುವಿನ ಸಂಬಂಧವನ್ನೇ ಕಡಿಯಬಲ್ಲದು.

ನೀವು ಬರೆದ "ಎಲ್ಲವೂ ಕೂತವು" ಎಂಬ ಮಾತಿನಲ್ಲೇ ತೊಡಕು ಇದೆ. ತಯಾರಕರು ಒಂದೇ ಬಾಲ್ ಜಾಯಿಂಟನ್ನು, ಒಂದೇ ಅಚ್ಚಿನ ಆರ್ಮನ್ನು ಸಣ್ಣಪುಟ್ಟ ಬದಲಾವಣೆಯೊಂದಿಗೆ ಹಲವು ಮಾದರಿಗಳಿಗೆ ಬಳಸುತ್ತಿದ್ದರು. ಹಾಗಾಗಿ ಬೇರೆ ಕಾರಿನ ಭಾಗವೂ ಕೂರುತ್ತದೆ, ತಿರುಗುತ್ತದೆ, ಕಣ್ಣಿಗೆ ಸರಿ ಕಾಣುತ್ತದೆ. ಎಡ ಬಲಗಳನ್ನು ಜೋಡಿಯಾಗಿ ಅಳೆದಾಗ ಮಾತ್ರ ಅದರ ಗುಟ್ಟು ಬಯಲಾಗುತ್ತದೆ. ನಿಮ್ಮ ಅದೃಷ್ಟಕ್ಕೆ ತೊಂದರೆ ಒಂದು ಬದಿಗೆ ಮಾತ್ರ ಇದೆ. ಹೋಲಿಸಲು ಇನ್ನೊಂದು ಬದಿ ಕೈಯಲ್ಲೇ ಇದೆ.

ಟೇಪರ್, ಅಂದರೆ ತುದಿಯ ಕಡೆಗೆ ಸಣ್ಣಗಾಗುತ್ತ ಹೋಗುವ ಆಕಾರದಿಂದ ಶುರು ಮಾಡೋಣ. ಟೈ ರಾಡ್ ಎಂಡ್‌ನ ಪಿನ್ ಶಂಕುವಿನ ಆಕಾರದ್ದು, ಸ್ಟೀರಿಂಗ್ ಆರ್ಮ್‌ನ ತೂತೂ ಹಾಗೆಯೇ. ನಟ್ ಎಳೆದಾಗ ಪಿನ್ ಆ ತೂತಿನ ಗೋಡೆಗೆ ಪೂರ್ತಿ ಉದ್ದಕ್ಕೂ ಅಮರಿ ಕೂರಬೇಕು. ಹೊರೆಯನ್ನು ಹೊರುವುದು ಆ ಹಿಡಿತ, ನಟ್ ಅಲ್ಲ. ಕಾರುಗಳಲ್ಲಿ ಹೆಚ್ಚಾಗಿ ಸಿಗುವ ಟೇಪರ್‌ಗಳು 1:10, 1:8 ಮತ್ತು 1:6. 1:8 ಎಂದರೆ ಪ್ರತಿ 8 ಮಿ.ಮೀ. ಉದ್ದಕ್ಕೆ ವ್ಯಾಸ 1 ಮಿ.ಮೀ. ಇಳಿಯುತ್ತದೆ. ಕೋನದ ಲೆಕ್ಕದಲ್ಲಿ ಮೂರೂ ಸುಮಾರು 5.7, 7.2 ಮತ್ತು 9.5 ಡಿಗ್ರಿ. ಬರಿಗಣ್ಣಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಕೈಯಲ್ಲಿ ತೂರಿಸಿದರೆ ಒಂದರದು ಇನ್ನೊಂದರಲ್ಲಿ ಹೋಗಿ ನಿಲ್ಲುತ್ತದೆ ಕೂಡ.

ನಿಮ್ಮ 4 ಮಿ.ಮೀ. ಲೆಕ್ಕ ಹಾಕೋಣ. ಟೇಪರ್ 1:8 ಆಗಿದ್ದರೆ, 4 ಮಿ.ಮೀ. ಹೆಚ್ಚು ಒಳಗೆ ಹೋಗಲು ವ್ಯಾಸದಲ್ಲಿ ಅರ್ಧ ಮಿ.ಮೀ. ವ್ಯತ್ಯಾಸ ಸಾಕು. ಒಂದೋ ತೂತು ಅಷ್ಟು ದೊಡ್ಡದು, ಇಲ್ಲವೇ ಪಿನ್ ಅಷ್ಟು ಸಣ್ಣದು. ಯಾವುದು ಎಂದು ತಿಳಿಯಲು ಅದಲುಬದಲು ಮಾಡಿ ನೋಡಬೇಕು. ಎರಡೂ ಬದಿಯ ರಾಡ್ ಎಂಡ್‌ಗಳನ್ನು ಬಿಡಿಸಿ, ಪಿನ್ ಮತ್ತು ತೂತುಗಳ ಎಣ್ಣೆ ಒರೆಸಿ. ಎಡದ ಪಿನ್ನನ್ನು ಬಲದ ಆರ್ಮ್‌ಗೆ, ಬಲದ ಪಿನ್ನನ್ನು ಎಡದ ಆರ್ಮ್‌ಗೆ ನಟ್ ಇಲ್ಲದೆ ಕೈಯಿಂದಷ್ಟೇ ಒತ್ತಿ, ಆರ್ಮ್‌ನ ಆಚೆಗೆ ಪಿನ್ ಎಷ್ಟು ಹೊರಬಂತೆಂದು ಕ್ಯಾಲಿಪರ್‌ನಿಂದ ಅಳೆಯಿರಿ. ರಾಡ್‌ನೊಳಗಿನ ತ್ರೆಡ್ ಒಂದು ಬದಿ ಎಡಸುತ್ತು, ಇನ್ನೊಂದು ಬದಿ ಬಲಸುತ್ತು ಇರಬಹುದು. ಪಿನ್ನಿನ ಟೇಪರ್‌ಗೂ ಅದಕ್ಕೂ ಸಂಬಂಧವಿಲ್ಲ. ಎಡದ ಪಿನ್ ಕೂಡ ಬಲದ ಆರ್ಮ್‌ನಲ್ಲಿ ಆಳಕ್ಕೆ ಇಳಿದರೆ ದೋಷ ಆರ್ಮ್‌ನದು. ಬಲದ ಪಿನ್ ಎಡದ ಆರ್ಮ್‌ನಲ್ಲೂ ಆಳಕ್ಕೆ ಹೋದರೆ ದೋಷ ಪಿನ್ನಿನದು. ಎರಡೂ ಕಡೆ ಎಡವಟ್ಟಾದರೆ ಪಿನ್, ಆರ್ಮ್ ಎರಡನ್ನೂ ಅನುಮಾನಿಸಿ.

ಆಮೇಲೆ ನೀಲಿ ಪರೀಕ್ಷೆ. ಫಿಟ್ಟರ್‌ಗಳು ಬಳಸುವ ಪ್ರಷ್ಯನ್ ಬ್ಲೂ ಪೇಸ್ಟನ್ನು ಪಿನ್ನಿನ ಶಂಕುವಿಗೆ ಉಸಿರು ತಾಗಿಸಿದಷ್ಟು ತೆಳುವಾಗಿ ಸವರಿ, ತೂತಿಗೆ ಒತ್ತಿ, ಕಾಲು ಸುತ್ತು ತಿರುಗಿಸಿ ಹೊರತೆಗೆಯಿರಿ. ಶಂಕುವಿನ ಉದ್ದಕ್ಕೂ ನೀಲಿ ಅಳಿಸಿದ್ದರೆ ಕೋನ ಸರಿ. ಹೀಗಿದ್ದೂ ಆಳ ಹೆಚ್ಚಾಗಿದ್ದರೆ ಅಳತೆ ಮಾತ್ರ ಬೇರೆ, ಅಥವಾ ಸಡಿಲ ಪಿನ್ ಹಾಕಿಕೊಂಡೇ ಓಡಿಸಿ ತೂತು ಸವೆದಿದೆ. ಒಂದು ತುದಿಯಲ್ಲಿ ಮಾತ್ರ ಉಂಗುರದ ಹಾಗೆ ಅಳಿಸಿದ್ದರೆ ಕೋನವೇ ಬೇರೆ. 1:8 ಪಿನ್ 1:10ರ ತೂತಿನಲ್ಲಿ ದಪ್ಪ ತುದಿಯಲ್ಲಷ್ಟೇ ತಾಗುತ್ತದೆ, 1:6ರ ತೂತಿನಲ್ಲಿ ಸಣ್ಣ ತುದಿಯಲ್ಲಷ್ಟೇ. ನಟ್ ಹಾಕುವ ಮೊದಲು ಪಿನ್ ಹಿಡಿದು ಅಲ್ಲಾಡಿಸಿ ನೋಡಿ, ಕೋನ ಬೇರೆಯಾಗಿದ್ದರೆ ಸಣ್ಣಗೆ ಅಲುಗುತ್ತದೆ.

ಉಂಗುರದಷ್ಟೇ ತಾಗಿದ ಪಿನ್ ಪ್ರತಿ ತಿರುವಿನಲ್ಲಿ, ಪ್ರತಿ ಗುಂಡಿಯಲ್ಲಿ ಕೂದಲೆಳೆಯಷ್ಟು ಬಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವುದನ್ನು ನೆನೆಯಿರಿ. ಬಿರುಕು ಶುರುವಾಗುವುದು ಸಾಮಾನ್ಯವಾಗಿ ತ್ರೆಡ್‌ನ ಬುಡದಲ್ಲಿ, ನಟ್ ಮುಚ್ಚಿಕೊಂಡ ಜಾಗದಲ್ಲಿ. ಹೊರಗೆ ಏನೂ ಕಾಣದು. ನಿಮ್ಮ ನಟ್ ಬಿಗಿಯಾಗದಿದ್ದುದಕ್ಕೆ ಕಾರಣವೂ ಇಲ್ಲೇ ಇದೆ. ಪಿನ್ ಆಳಕ್ಕೆ ಇಳಿದಾಗ ತ್ರೆಡ್ ಮುಗಿಯುವ ಭಾಗವೂ ಆರ್ಮ್‌ನ ಹೊರಗೆ ಬಂತು. ನಟ್ ತ್ರೆಡ್ಡಿನ ಕೊನೆ ಮುಟ್ಟಿ ನಿಂತಿತು, ಆರ್ಮನ್ನು ಮುಟ್ಟಲೇ ಇಲ್ಲ. ವಾಷರ್ ಆ ಸಂದನ್ನು ತುಂಬಿತೇ ವಿನಾ ಟೇಪರನ್ನು ಕೂರಿಸಲಿಲ್ಲ. ಸ್ಪ್ಲಿಟ್ ಪಿನ್ನಿನ (ನಟ್ ಕಳಚದಂತೆ ತೂರಿಸುವ ಸೀಳು ಕಡ್ಡಿ) ತೂತು ನಟ್‌ನ ಕಚ್ಚುಗಳಿಗಿಂತ ಮೇಲೆ ಉಳಿದಿದೆಯೇ ಎಂದೂ ನೋಡಿ. ಸರಿಯಾದ ಜೋಡಿಯಲ್ಲಿ ಆ ತೂತು ತಾನಾಗಿಯೇ ಕಚ್ಚುಗಳ ನಡುವೆ ಬರುತ್ತದೆ. ಬರದಿದ್ದರೆ ಆ ಪಿನ್ ಮತ್ತು ಆರ್ಮ್ ಸರಿಯಾದ ಜೋಡಿಯಲ್ಲ ಎಂಬುದಕ್ಕೆ ಅಷ್ಟೇ ಸಾಕ್ಷಿ ಸಾಕು.

ನಟ್‌ಗಳನ್ನೂ ಇಲ್ಲೇ ನೋಡಿಬಿಡಿ. ಅರ್ಧ ಇಂಚಿನ ಯುಎನ್‌ಎಫ್ (ಇಂಚು ಅಳತೆಯ ಸಣ್ಣ ಎಳೆಯ) ತ್ರೆಡ್‌ನಲ್ಲಿ ಇಂಚಿಗೆ 20 ಎಳೆ, ಅಂದರೆ ಎಳೆಯಿಂದ ಎಳೆಗೆ 1.27 ಮಿ.ಮೀ. ಎಂ12 ಮೆಟ್ರಿಕ್‌ನ ಸಣ್ಣ ತ್ರೆಡ್ ಒಂದರಲ್ಲಿ ಅದು 1.25 ಮಿ.ಮೀ. ಎಳೆಯ ಅಂತರ ಹೆಚ್ಚುಕಡಿಮೆ ಒಂದೇ, ಆದರೆ ವ್ಯಾಸ 12.7ರ ಬದಲು 12. ಅರ್ಧ ಇಂಚಿನ ನಟ್ ಆ ಎಂ12 ಪಿನ್ನಿಗೆ ಸರಾಗವಾಗಿ ಹತ್ತುತ್ತದೆ, ಬಿಗಿಯಾದಂತೆಯೂ ಅನಿಸುತ್ತದೆ, ಆದರೆ ಎಳೆಗಳು ಕಚ್ಚಿರುವುದು ಸುಮಾರು ಅರ್ಧ ಆಳಕ್ಕೆ ಮಾತ್ರ. ಒಂದು ದಿನ ಎಳೆ ಕಿತ್ತು ಕೈಗೆ ಬರುತ್ತದೆ. ಅಮೆರಿಕ, ಬ್ರಿಟನ್, ಕೆನಡಾಗಳು ಒಂದೇ ಇಂಚು ತ್ರೆಡ್ ಬಳಸಲು ಒಪ್ಪಿದ್ದು 1948ರಲ್ಲಿ. ಅದಕ್ಕೂ ಹಿಂದಿನ ಬ್ರಿಟಿಷ್ ಸಣ್ಣ ತ್ರೆಡ್ ಬಿಎಸ್‌ಎಫ್‌ನ ಅರ್ಧ ಇಂಚಿನ ಅಳತೆಯಲ್ಲಿ ಇಂಚಿಗೆ 16 ಎಳೆ, ಎಳೆಯ ಕೋನವೂ 60ರ ಬದಲು 55 ಡಿಗ್ರಿ. ಎರಡು ಕಾರುಗಳ ಭಾಗ ಬೆರೆತಿರುವಾಗ ತ್ರೆಡ್ ಗೇಜ್ ಹಿಡಿಯದೆ ಯಾವ ನಟ್ಟನ್ನೂ ನಂಬಬೇಡಿ. ನಟ್ ಕೊನೆಯವರೆಗೆ ಕೈಯಲ್ಲೇ ಲೂಸಾಗಿ ಆಡುತ್ತಾ ಹೋದರೆ ಖುಷಿಪಡುವ ಬದಲು ಅನುಮಾನಪಡಿ.

ಈಗ ಒಂದೂಮುಕ್ಕಾಲು ಮತ್ತು ಒಂದೂಕಾಲಿನ ವಿಷಯ. ಪತ್ರದಲ್ಲಿ ನನಗೆ ಅತಿ ಹೆಚ್ಚು ಸುದ್ದಿ ಹೇಳಿದ್ದು ಇದೇ. ಒಟ್ಟು ಮೂರು ಸುತ್ತು, ಹಾಗಾಗಿ ಬಾಕ್ಸ್‌ನ ನಿಜವಾದ ನಡು ಎರಡೂ ಕಡೆಯಿಂದ ಒಂದೂವರೆ ಸುತ್ತಿಗೆ ಬರಬೇಕು. ನಿಮ್ಮ ಚಕ್ರಗಳು ನೇರ ನಿಂತಾಗ ಬಾಕ್ಸ್ ಆ ನಡುವಿನಿಂದ ಕಾಲು ಸುತ್ತು ಎಡಕ್ಕಿದೆ. ಆ ಕಾಲದ ಬಾಕ್ಸ್‌ಗಳನ್ನು ನಡುವಿನಲ್ಲಿ ಅತಿ ಬಿಗಿಯಾಗಿ, ಆಚೀಚೆ ತುಸು ಸಡಿಲವಾಗಿ ಹೊಂದಿಸುತ್ತಾರೆ, ನೇರ ರಸ್ತೆಯಲ್ಲಿ ಪ್ಲೇ ಇರಬಾರದೆಂದು. ನಿಮ್ಮದರಲ್ಲಿ ಆ ಬಿಗಿ ಜಾಗ ಬಲಕ್ಕೆ ಕಾಲು ಸುತ್ತಿನ ದೂರದಲ್ಲಿ ಕೂತಿದೆ. ಅದಕ್ಕೇ ಸ್ವಲ್ಪ ಬಲಕ್ಕೆ ತಿರುಗಿಸಿದೊಡನೆ ಪ್ಲೇ ಮಾಯ. ಬಾಕ್ಸ್ ಬಹುಶಃ ಚೆನ್ನಾಗಿಯೇ ಇದೆ. ದಯವಿಟ್ಟು ಅದರ ಅಡ್ಜಸ್ಟ್ ಸ್ಕ್ರೂ ಬಿಗಿ ಮಾಡಿ ಪ್ಲೇ ತೆಗೆಯಲು ಹೋಗಬೇಡಿ. ನೇರ ಇದ್ದಾಗ ಪ್ಲೇ ಹೋಗುತ್ತದೆ, ಆದರೆ ನಿಜವಾದ ನಡುವಿನಲ್ಲಿ ಬಾಕ್ಸ್ ಒಳಗಿನ ವರ್ಮ್ (ಸುರುಳಿ ಗೇರ್) ಮತ್ತು ಅದರ ಮೇಲೆ ಉರುಳುವ ರೋಲರ್ ಒಂದನ್ನೊಂದು ತಿನ್ನುತ್ತವೆ.

ಕಾಲು ಸುತ್ತು ಎಂದರೆ ಸ್ಟೀರಿಂಗ್‌ನಲ್ಲಿ 90 ಡಿಗ್ರಿ. ಬಾಕ್ಸ್‌ನ ಅನುಪಾತ 15:1 ಎಂದಿಟ್ಟುಕೊಂಡರೆ ಡ್ರಾಪ್ ಆರ್ಮ್‌ನಲ್ಲಿ ಅದು 6 ಡಿಗ್ರಿ. ಇಂಥಲ್ಲಿ ಎಲ್ಲರ ಮೊದಲ ಊಹೆ, ಡ್ರಾಪ್ ಆರ್ಮನ್ನು ಒಂದು ಸ್ಪ್ಲೈನ್ (ಶಾಫ್ಟ್‌ನ ಉದ್ದುದ್ದ ಹಲ್ಲು) ತಪ್ಪಿ ಹಾಕಿದ್ದಾರೆ ಎಂದು. ಶಾಫ್ಟ್‌ನಲ್ಲಿ 36 ಸ್ಪ್ಲೈನ್ ಇದ್ದರೆ ಒಂದಕ್ಕೆ 10 ಡಿಗ್ರಿ, 32 ಇದ್ದರೆ ಹನ್ನೊಂದೂಕಾಲು. ಒಂದು ಸ್ಪ್ಲೈನ್ ತಪ್ಪಿದ್ದರೆ ಸ್ಟೀರಿಂಗ್ ಕನಿಷ್ಠ 150 ಡಿಗ್ರಿ ಸರಿಯುತ್ತಿತ್ತು, ಹೆಚ್ಚುಕಡಿಮೆ ಅರ್ಧ ಸುತ್ತು. ನಿಮ್ಮದು ಕಾಲು ಸುತ್ತು ಮಾತ್ರ. ಆದ್ದರಿಂದ ಸ್ಪ್ಲೈನ್ ತಪ್ಪಿಲ್ಲ. ನಿಮ್ಮ ಬಾಕ್ಸ್‌ನ ಅನುಪಾತ ಮತ್ತು ಸ್ಪ್ಲೈನ್ ಎಣಿಕೆ ಹಾಕಿ ಈ ಲೆಕ್ಕವನ್ನು ಇನ್ನೊಮ್ಮೆ ಮಾಡಿ ನೋಡಿ.

ಹಾಗಾದರೆ ಉಳಿದದ್ದು ಎರಡು ದಾರಿ. ಯಾವುದೆಂದು ಟೈ ರಾಡ್‌ಗಳ ಉದ್ದ ಹೇಳುತ್ತದೆ. ಚಕ್ರಗಳನ್ನು ನೇರ ನಿಲ್ಲಿಸಿ, ಪ್ರತಿ ಟೈ ರಾಡನ್ನು ಒಳ ಪಿನ್ನಿನ ನಡುವಿನಿಂದ ಹೊರ ಪಿನ್ನಿನ ನಡುವಿಗೆ ಅಳೆಯಿರಿ. ಡ್ರಾಪ್ ಆರ್ಮ್ 150 ಮಿ.ಮೀ. ಉದ್ದವಿದ್ದರೆ 6 ಡಿಗ್ರಿಗೆ ಅದರ ತುದಿ ಸುಮಾರು 16 ಮಿ.ಮೀ. ಅಡ್ಡ ಸರಿಯುತ್ತದೆ. ಸೆಂಟರ್ ಲಿಂಕ್ ಅಷ್ಟು ಸರಿದೂ ಚಕ್ರಗಳು ನೇರ ನಿಂತಿವೆ ಎಂದರೆ ಯಾರೋ ಒಂದು ರಾಡನ್ನು 16 ಮಿ.ಮೀ. ಉದ್ದ ಮಾಡಿ ಇನ್ನೊಂದನ್ನು ಅಷ್ಟೇ ಗಿಡ್ಡ ಮಾಡಿದ್ದಾರೆ. ಆಗ ಎರಡು ರಾಡ್‌ಗಳ ನಡುವೆ 3 ಸೆಂ.ಮೀ.ಗಿಂತ ತುಸು ಹೆಚ್ಚು ವ್ಯತ್ಯಾಸ ಕಾಣಬೇಕು. ಕಂಡರೆ ಸಂತೋಷಪಡಿ, ಡ್ರಾಪ್ ಆರ್ಮ್ ಈ ಕಾರಿನದೇ ಇರಬಹುದು, ಕೆಟ್ಟಿದ್ದು ಹೊಂದಾಣಿಕೆ. ಬಾಕ್ಸನ್ನು ನಡುವಿಗೆ ತಂದು, ಡ್ರಾಪ್ ಆರ್ಮ್ ಮತ್ತು ಐಡ್ಲರ್ ಆರ್ಮ್ ಒಂದಕ್ಕೊಂದು ಕನ್ನಡಿಯ ಬಿಂಬದಂತೆ ನಿಂತಿವೆಯೇ ಎಂದು ನೋಡಿ, ಆಮೇಲೆ ರಾಡ್‌ಗಳನ್ನು ಸಮ ಮಾಡಿ. ಹಾಗೆ ನಿಲ್ಲದಿದ್ದರೆ ಸೆಂಟರ್ ಲಿಂಕನ್ನು ಬಿಚ್ಚಿ ಅದರ ತೂತುಗಳ ಅಂತರ ಅಳೆಯಿರಿ, ಎರಡೂ ಅರ್ಧಗಳು ಸಮ ಇರಬೇಕು.

ರಾಡ್‌ಗಳು ಈಗಾಗಲೇ ಸಮ ಇದ್ದು, ಸೆಂಟರ್ ಲಿಂಕ್ ನಡುವಿನಲ್ಲೇ ಇದ್ದು, ಬಾಕ್ಸ್ ಮಾತ್ರ ಕಾಲು ಸುತ್ತು ಆಚೆ ಇದ್ದರೆ? ಆಗ ದೋಷ ಡ್ರಾಪ್ ಆರ್ಮ್‌ನದು. ಎಷ್ಟೋ ಆರ್ಮ್‌ಗಳಲ್ಲಿ ಒಂದು ಸ್ಪ್ಲೈನ್ ದಪ್ಪವಾಗಿರುತ್ತದೆ, ತಪ್ಪಾಗಿ ಹಾಕಲು ಬಾರದಂತೆ. ಆ ದಪ್ಪ ಸ್ಪ್ಲೈನ್‌ಗೂ ಆರ್ಮ್‌ನ ಚಾಚಿಗೂ ನಡುವಿನ ಕೋನ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಪಕ್ಕದ ಮಾದರಿಯ ಆರ್ಮ್ ನಿಮ್ಮ ಶಾಫ್ಟ್‌ಗೆ ಅಚ್ಚುಕಟ್ಟಾಗಿ ಕೂತು ಐದಾರು ಡಿಗ್ರಿ ವಾರೆ ನೋಡುತ್ತದೆ. ಇಂಥದ್ದನ್ನು ಬದಲಿಸುವುದೊಂದೇ ಪರಿಹಾರ. ಸ್ಟೀರಿಂಗ್ ವೀಲನ್ನು ಅದರ ಸ್ಪ್ಲೈನ್ ಮೇಲೆ ತಿರುಗಿಸಿ ಹಾಕಿ ಕಡ್ಡಿಗಳನ್ನು ನೇರ ಕಾಣಿಸುವುದು ತೊಂದರೆಯನ್ನು ಮುಚ್ಚಿಡುತ್ತದೆ ಅಷ್ಟೇ.

ಐಡ್ಲರ್ ಆರ್ಮನ್ನು ಯಾರೂ ಗಮನಿಸುವುದಿಲ್ಲ, ಅದಕ್ಕೇ ತಪ್ಪು ಐಡ್ಲರ್ ಅಷ್ಟು ಸಲ ಕಣ್ತಪ್ಪಿಸಿಕೊಳ್ಳುತ್ತದೆ. ನಿಮ್ಮಂಥ ವ್ಯವಸ್ಥೆಯಲ್ಲಿ ಅದರ ಉದ್ದ ಡ್ರಾಪ್ ಆರ್ಮ್‌ನಷ್ಟೇ ಇರಬೇಕು, ಪಿನ್ನಿನ ಎತ್ತರವೂ ಅಷ್ಟೇ. ಉದ್ದ ಬೇರೆಯಾದರೆ ತಿರುಗಿದಂತೆಲ್ಲ ಸೆಂಟರ್ ಲಿಂಕ್ ಓರೆಯಾಗುತ್ತದೆ. ಎತ್ತರ ಬೇರೆಯಾದರೆ ನೇರ ಇದ್ದಾಗಲೇ ಓರೆ. ಒಮ್ಮೆ ನನ್ನ ಕೈಗೆ ಬಂದ ಕಾರೊಂದು ಎಡ ಚಕ್ರ ಗುಂಡಿಗೆ ಇಳಿದಾಗಲೆಲ್ಲ ಎಡಕ್ಕೆ ಎಳೆಯುತ್ತಿತ್ತು. ಶಾಕ್ ಅಬ್ಸಾರ್ಬರ್, ಬುಷ್, ಟೈರ್ ಎಲ್ಲ ಬದಲಾಗಿದ್ದವು. ಕೊನೆಗೆ ನೆಲದಿಂದ ಸೆಂಟರ್ ಲಿಂಕ್‌ನ ಎರಡು ತುದಿಗೆ ಅಳೆದಾಗ 14 ಮಿ.ಮೀ. ವ್ಯತ್ಯಾಸ. ಐಡ್ಲರ್ ಅದೇ ಕಂಪನಿಯ ಬೇರೆ ಮಾದರಿಯದು. ಆ ಅಳತೆಗೆ ಐದು ನಿಮಿಷ ಸಾಕಿತ್ತು. ಮೊದಲ ದಿನವೇ ಮಾಡಲಿಲ್ಲವಲ್ಲ ಎಂದು ಇವತ್ತಿಗೂ ಬೇಸರವಿದೆ.

ಎರಡು ಬದಿ ಸಮ ಇರಬೇಕೆಂಬ ಈ ಮಾತು ನಿಮ್ಮಂಥ ಮೂರು ತುಂಡಿನ ಜೋಡಣೆಗೆ ಮಾತ್ರ. ಫೋಕ್ಸ್‌ವ್ಯಾಗನ್ ಬೀಟಲ್‌ನಂಥ ಕಾರಿನಲ್ಲಿ ಒಂದು ಟೈ ರಾಡ್ ಉದ್ದ, ಇನ್ನೊಂದು ಗಿಡ್ಡ ಇರುವುದೇ ಸರಿ. ಅದೇ ಬೀಟಲ್‌ನ ಮುಂಭಾಗ 1966ರ ಮಾದರಿಯಿಂದ ಕಿಂಗ್ ಪಿನ್ (ಚಕ್ರ ತಿರುಗುವ ನೆಟ್ಟನೆಯ ಕೀಲುಗೂಟ) ಬಿಟ್ಟು ಬಾಲ್ ಜಾಯಿಂಟ್‌ಗೆ ಬದಲಾಯಿತು. ಕಾರಿನ ಹೆಸರು ಒಂದೇ ಎಂದು ಭಾಗ ಕೊಳ್ಳುವವರು ಎಡವುವುದು ಇಂಥ ವರ್ಷಗಳ ಗಡಿಯಲ್ಲೇ. ನಿಮ್ಮ ಮಾದರಿಯಲ್ಲಿ ಅಂಥ ಗಡಿ ಎಲ್ಲಿದೆ ಎಂದು ಚಾಸಿಸ್ ನಂಬರ್ ಹಿಡಿದು ಪಾರ್ಟ್ಸ್ ಬುಕ್‌ನಲ್ಲಿ ನೋಡಿ.

ಟೈರ್ ಉಜ್ಜುವುದಕ್ಕೆ ಬರೋಣ. ತಿರುವಿನಲ್ಲಿ ಒಳಚಕ್ರ ಸಣ್ಣ ವೃತ್ತದಲ್ಲಿ ಹೋಗುವುದರಿಂದ ಹೊರಚಕ್ರಕ್ಕಿಂತ ಹೆಚ್ಚು ತಿರುಗಬೇಕು. ಕುದುರೆ ಗಾಡಿಗಳ ಕಾಲದಲ್ಲೇ, 1818ರಲ್ಲಿ, ರುಡಾಲ್ಫ್ ಆಕರ್‌ಮನ್ ಹೆಸರಿನಲ್ಲಿ ಪೇಟೆಂಟ್ ಆದ ಉಪಾಯವಿದು. ಕಂಡುಹಿಡಿದವರು ಮ್ಯೂನಿಕ್‌ನ ಗಾಡಿ ತಯಾರಕ ಗೇಯೋರ್ಗ್ ಲಾಂಕೆನ್‌ಸ್ಪೆರ್ಗರ್. ಆಕ್ಸಲ್‌ನ ಹಿಂದಕ್ಕೆ ಚಾಚುವ ಸ್ಟೀರಿಂಗ್ ಆರ್ಮ್‌ಗಳು ತುಸು ಒಳಕ್ಕೆ ವಾಲಿರುತ್ತವೆ, ಮುಂದಕ್ಕೆ ಚಾಚುವವು ಹೊರಕ್ಕೆ. ಆ ವಾಲಿನಿಂದಲೇ ಈ ವ್ಯತ್ಯಾಸ ಹುಟ್ಟುತ್ತದೆ. ಬಲದಲ್ಲಿ ಬೇರೆ ಮಾದರಿಯ ಆರ್ಮ್ ಇದ್ದರೆ, ಅಥವಾ ಎಡ ಬಲ ಅದಲುಬದಲಾಗಿದ್ದರೆ, ಚಕ್ರಗಳು ಒಂದಕ್ಕೊಂದು ಜಗಳವಾಡಿ ಟೈರ್ ನೆಲವನ್ನು ಉಜ್ಜುತ್ತದೆ.

ಆದರೆ ಇದನ್ನು ಈಗಲೇ ಅಳೆಯಬೇಡಿ. ಸೆಂಟರ್ ಲಿಂಕ್ 16 ಮಿ.ಮೀ. ಸರಿದಿದ್ದರೆ ಅದೊಂದೇ ಎಡ ತಿರುವು ಬಲ ತಿರುವುಗಳನ್ನು ಬೇರೆಬೇರೆ ಮಾಡಬಲ್ಲದು. ಮೊದಲು ಬಾಕ್ಸ್, ಡ್ರಾಪ್ ಆರ್ಮ್, ರಾಡ್‌ಗಳನ್ನು ಸರಿಪಡಿಸಿ. ಆಮೇಲೆ ಪ್ರತಿ ಮುಂಚಕ್ರದ ಕೆಳಗೆ ನಡುವೆ ಗ್ರೀಸ್ ಸವರಿದ ಎರಡೆರಡು ತಗಡು ಇಟ್ಟು, ಒಳಚಕ್ರವನ್ನು 20 ಡಿಗ್ರಿ ತಿರುಗಿಸಿ ಹೊರಚಕ್ರ ಎಷ್ಟು ತಿರುಗಿತೆಂದು ಗುರುತು ಹಾಕಿ. ಎರಡೂ ದಿಕ್ಕಿಗೆ ಮಾಡಿ. ಹೊರಚಕ್ರ ಎಷ್ಟಿರಬೇಕೆಂದು ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿರುತ್ತದೆ. ಅದು ಸಿಗದಿದ್ದರೂ ಎಡ ಮತ್ತು ಬಲದ ಅಂಕಿ ಒಂದೇ ಬರಬೇಕು. ಬರದಿದ್ದರೆ ಎರಡು ಸ್ಟೀರಿಂಗ್ ಆರ್ಮ್‌ಗಳನ್ನು ಬಿಚ್ಚಿ ಒಂದನ್ನು ಮಗುಚಿ ಇನ್ನೊಂದರ ಪಕ್ಕ ಮೇಜಿನ ಮೇಲಿಟ್ಟು, ಬೋಲ್ಟ್ ತೂತಿನಿಂದ ಟೇಪರ್ ತೂತಿಗೆ ಅಳೆಯಿರಿ. ನನ್ನ ಅನುಮಾನ ನಿಮ್ಮ ಬಲದ ಆರ್ಮ್ ಮೇಲೆಯೇ ಇದೆ. ಟೇಪರ್ ತೊಂದರೆ ಮತ್ತು ಉಜ್ಜಾಟ ಎರಡಕ್ಕೂ ಅದೊಂದೇ ಕಾರಣವಾಗಬಲ್ಲದು. ಅದಲುಬದಲು ಪರೀಕ್ಷೆಯಲ್ಲಿ ಎಡದ ಪಿನ್ ಕೂಡ ಅಲ್ಲಿ ಆಳಕ್ಕೆ ಇಳಿದರೆ ನನಗೆ ಅಚ್ಚರಿಯಾಗದು.

ಭಾಗದ ಮೇಲಿನ ನಂಬರ್ ನೋಡಿದರೆ ಸಾಲದೇ ಎಂದು ನೀವು ಕೇಳಬಹುದು. ನೋಡಿ, ಆದರೆ ಪೂರ್ತಿ ನಂಬಬೇಡಿ. ಉಬ್ಬಕ್ಷರದಲ್ಲಿರುವುದು ಸಾಮಾನ್ಯವಾಗಿ ಅಚ್ಚಿನ ನಂಬರ್. ಒಂದೇ ಅಚ್ಚಿನ ತುಂಡಿಗೆ ಬೇರೆ ಬೇರೆ ಟೇಪರ್ ಕೊರೆದು ಬೇರೆ ಬೇರೆ ಪಾರ್ಟ್ ನಂಬರ್ ಕೊಡುತ್ತಿದ್ದರು. ಅಚ್ಚಿನ ನಂಬರ್ ಬೇರೆಯಾದರೆ ಭಾಗ ಬೇರೆ ಎಂದು ಅನುಮಾನಿಸಬಹುದು, ಒಂದೇ ಆದರೆ ಭಾಗವೂ ಒಂದೇ ಎನ್ನಲಾಗದು. ನಂಬರ್‌ಗಿಂತ ಮೈಮೇಲಿನ ಗುರುತುಗಳು ಎಷ್ಟೋ ಸಲ ಹೆಚ್ಚು ಹೇಳುತ್ತವೆ. ಒಂದು ಆರ್ಮ್‌ನ ಹಳೆಯ ಬಣ್ಣದ ಪದರ ಪಕ್ಕದ ಭಾಗಕ್ಕಿಂತ ಬೇರೆ ಇದೆಯೇ, ಒಂದು ಜಾಯಿಂಟ್‌ಗೆ ಗ್ರೀಸ್ ನಿಪ್ಪಲ್ ಇದ್ದು ಇನ್ನೊಂದಕ್ಕೆ ಇಲ್ಲವೇ, ಬೋಲ್ಟ್ ತೂತಿನ ಸುತ್ತ ಈಗಿನದಕ್ಕಿಂತ ದೊಡ್ಡ ವಾಷರ್‌ನ ಹಳೆಯ ಅಚ್ಚಿದೆಯೇ ಎಂದು ತೊಳೆಯುವ ಮೊದಲೇ ಫೋಟೊ ತೆಗೆದಿಡಿ. ಮರಳು ಹೊಡೆದು ಬಣ್ಣ ಬಳಿದ ಮೇಲೆ ಆ ಸಾಕ್ಷಿಗಳೆಲ್ಲ ಹೋಗುತ್ತವೆ.

ಸ್ಟೀರಿಂಗ್ ವೀಲಿನಿಂದ ಬಾಕ್ಸ್‌ಗೆ ಇಳಿಯುವ ಕಾಲಮ್ ಬಗ್ಗೆ ಚುಟುಕಾಗಿ. ಅದರಲ್ಲಿ ಎರಡು ಯೂನಿವರ್ಸಲ್ ಜಾಯಿಂಟ್ (ಬಾಗಿದ ಕೋನದಲ್ಲೂ ತಿರುಗುವ ಕವಲಿನ ಕೀಲು) ಇದ್ದರೆ ಅವುಗಳ ಕವಲುಗಳು ಪರಸ್ಪರ ಸರಿಯಾದ ಕೋನದಲ್ಲಿ ಕೂರಬೇಕು, ಇಲ್ಲದಿದ್ದರೆ ಸ್ಟೀರಿಂಗ್ ಪ್ರತಿ ಸುತ್ತಿನಲ್ಲಿ ಎರಡು ಸಲ ಭಾರ, ಎರಡು ಸಲ ಹಗುರ ಆಗುತ್ತದೆ. ಅಮೆರಿಕದಲ್ಲಿ 1968ರ ಜನವರಿಯಿಂದ ಡಿಕ್ಕಿಯಲ್ಲಿ ಕುಗ್ಗುವ ಕಾಲಮ್ ಕಡ್ಡಾಯವಾಯಿತು. ನಿಮ್ಮ ಕಾರು ಆ ಗಡಿಯ ಆಸುಪಾಸಿನದಾದರೆ ಯಾವ ಬಗೆಯದು ಬಂದಿತ್ತೆಂದು ತಿಳಿದು ಅದನ್ನೇ ಹಾಕಿ. ಕುಗ್ಗುವ ಕಾಲಮ್‌ನ ತುದಿಗೆ ಸುತ್ತಿಗೆ ಹೊಡೆಯಬೇಡಿ, ಒಳಗಿನ ಪ್ಲಾಸ್ಟಿಕ್ ಪಿನ್‌ಗಳು ಸದ್ದಿಲ್ಲದೆ ತುಂಡಾಗುತ್ತವೆ.

ಭಾಗ ಸಿಗದಿದ್ದಾಗ ರೀಮರ್ ಹಾಕಿ ತೂತನ್ನೇ ದೊಡ್ಡದು ಮಾಡಿ ಸಿಕ್ಕ ಪಿನ್ನಿಗೆ ಹೊಂದಿಸೋಣ ಎಂಬ ಸಲಹೆ ನಿಮಗೆ ಖಂಡಿತ ಬರುತ್ತದೆ. ಮನೆಯ ಗ್ಯಾರೇಜಿನಲ್ಲಿ ಅದು ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತೂತಿನ ಸುತ್ತ ಉಳಿಯುವ ಲೋಹ ಎಷ್ಟೆಂದು ಆ ಆರ್ಮನ್ನು ವಿನ್ಯಾಸ ಮಾಡಿದವರು ಲೆಕ್ಕ ಹಾಕಿದ್ದರು, ನಾವು ಹಾಕಿಲ್ಲ. ಬಾಗಿದ ಆರ್ಮನ್ನು ಕಾಯಿಸಿ ನೇರ ಮಾಡುವುದು, ವೆಲ್ಡ್ ಮಾಡುವುದು ಅದಕ್ಕಿಂತ ಕೆಟ್ಟದು, ಕಾಯಿಸಿದರೆ ಉಕ್ಕಿಗೆ ಕೊಟ್ಟ ಹದವೇ ಹೋಗುತ್ತದೆ. ಸರಿಯಾದ ಹಳೆಯ ಆರ್ಮ್ ಸಿಕ್ಕಾಗಲೂ ಹಾಕುವ ಮೊದಲು ಬಣ್ಣದ ದ್ರವದ ಬಿರುಕು ಪರೀಕ್ಷೆ ಮಾಡಿಸಿ. ವಾಷರ್ ಮೇಲೆ ಓಡಾಡಿದ ನಿಮ್ಮ ಬಲದ ರಾಡ್ ಎಂಡನ್ನು ಪರೀಕ್ಷಿಸಲೂ ಹೋಗಬೇಡಿ, ಎಸೆದುಬಿಡಿ.

ಎಲ್ಲ ಹೊಂದಿದ ಮೇಲೆ ಮುಂದಿನ ಸ್ಪ್ರಿಂಗ್‌ಗಳನ್ನು ತೆಗೆದಿರುವಾಗಲೇ ಜಾಕ್‌ನಿಂದ ಚಕ್ರವನ್ನು 25 ಮಿ.ಮೀ.ಗೊಮ್ಮೆ ಎತ್ತುತ್ತ, ಸ್ಟೀರಿಂಗ್ ಅಲುಗದಂತೆ ಹಿಡಿದು, ಚಕ್ರ ಒಳಹೊರಗೆ ಎಷ್ಟು ತಿರುಗುತ್ತದೆಂದು ಬರೆದುಕೊಳ್ಳಿ. ಎಡ ಬಲಗಳ ಅಂಕಿ ಬೇರೆಯಾದರೆ ಇನ್ನೂ ಒಂದು ಭಾಗ ಈ ಕಾರಿನದಲ್ಲ. ಅದೇ ಹೊತ್ತಿಗೆ ಚಕ್ರ ಪೂರ್ತಿ ಕೆಳಗಿದ್ದಾಗ, ಪೂರ್ತಿ ಮೇಲಿದ್ದಾಗ ಎರಡೂ ದಿಕ್ಕಿಗೆ ಕೊನೆಯವರೆಗೆ ತಿರುಗಿಸಿ, ಯಾವ ಬಾಲ್ ಜಾಯಿಂಟ್‌ನ ಪಿನ್ನೂ ಅದರ ಬಾಯಿಯ ಅಂಚಿಗೆ ತಾಗಿ ಸಿಕ್ಕಿಕೊಳ್ಳುತ್ತಿಲ್ಲ ಎಂದು ಕಣ್ಣಿಂದ ನೋಡಿ. ಟೈ ರಾಡ್ ಒಳಗೆ ಎಂಡ್‌ನ ತ್ರೆಡ್ ಎರಡೂ ಬದಿ ಹೆಚ್ಚುಕಡಿಮೆ ಸಮವಾಗಿ, ತನ್ನ ವ್ಯಾಸದ ಕನಿಷ್ಠ ಒಂದೂವರೆಯಷ್ಟಾದರೂ ಒಳಗಿರಲಿ.

ಕೊನೆಗೆ ಆ ಸ್ಟಾಪ್ ಬೋಲ್ಟ್‌ಗಳು. ಅವಿಲ್ಲದೆ ನೀವು ಎಣಿಸಿದ ಮೂರು ಸುತ್ತು ಬಾಕ್ಸ್‌ನ ಒಳತುದಿಗಳಿಗೆ ಬಡಿದು ಬಂದದ್ದು. ಓಡಿಸುವಾಗ ಹಾಗೆ ಬಡಿದರೆ ಇಡೀ ಹೊರೆ ವರ್ಮ್ ಮೇಲೆ ಬೀಳುತ್ತದೆ. ಬಾಕ್ಸ್ ತನ್ನ ಕೊನೆ ಮುಟ್ಟುವ ಮೊದಲೇ ನಕಲ್ ಸ್ಟಾಪ್‌ಗೆ ತಾಗಿ ನಿಲ್ಲುವಂತೆ ಎರಡೂ ಬದಿ ಹೊಂದಿಸಿ ಲಾಕ್ ನಟ್ ಬಿಗಿ ಮಾಡಿ, ಆಮೇಲೆ ಮತ್ತೊಮ್ಮೆ ಸುತ್ತು ಎಣಿಸಿ. ಈ ಸಲ ಎಡಕ್ಕೂ ಬಲಕ್ಕೂ ಒಂದೇ ಎಣಿಕೆ ಬರಬೇಕು.